ರುಜುವಿಲ್ಲದ ಗೆರೆಗಳು

ಅಡುಗೆಮನೆಯ ಕಪಾಟು, ಬಚ್ಚಲ ಗೂಡು, ದೇವರ ಮುಂದಿನ ಮಾಡು ಇವುಗಳ ಮೇಲೆ ಒಮ್ಮೆ ಸುಮ್ಮನೆ ಕಣ್ಣಾಡಿಸಿ. ಅಕ್ಕಿ, ಬೇಳೆ, ಬೆಲ್ಲ ಬಿಟ್ಟರೆ ಉಳಿದದ್ದೆಲ್ಲ ಒಂದೊಂದು ಚಿತ್ರ ಹೊತ್ತುಕೊಂಡು ಕೂತಿರುತ್ತದೆ. ಮೈಸೂರು ಗಂಧದ ಸಾಬೂನಿನ ಪೊಟ್ಟಣದ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ. ಊದುಬತ್ತಿಯ ಪೊಟ್ಟಣದ ಮೇಲೆ ಸೈಕಲ್ಲು. ನಮ್ಮ ಅಜ್ಜಿಯರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅಂಗಡಿಗೆ ಕಳಿಸಿದ ಮೊಮ್ಮಗ ಬೇರೆ ಸಾಮಾನು ತಂದರೆ ಅವರಿಗೆ ದೂರದಿಂದಲೇ ತಿಳಿಯುತ್ತಿತ್ತು. "ಇದಲ್ಲ ಕಣೋ, ಇದರ ಮೇಲಿನ ಚಿತ್ರವೇ ಬೇರೆ" ಎಂದು ವಾಪಸು ಅಟ್ಟುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ನಾವೆಲ್ಲ ಕಲಿತ ಲಿಪಿ ಅದು. ನಾವು ಅದನ್ನು 'ಮಾರ್ಕು' ಎನ್ನುತ್ತಿದ್ದೆವು. ಈಗಿನವರು 'ಬ್ರ್ಯಾಂಡ್' ಎನ್ನುತ್ತಾರೆ.

ಈ ಚಿತ್ರಗಳನ್ನು ಬರೆದವರು ಯಾರು? ಕತೆ ಬರೆದವರ ಹೆಸರು ಪುಸ್ತಕದ ಮೇಲಿರುತ್ತದೆ. ಹಾಡು ಬರೆದವರ ಹೆಸರನ್ನು ಆಕಾಶವಾಣಿಯವರು ತಪ್ಪದೆ ಹೇಳುತ್ತಾರೆ. ಹೊನ್ನಾಳಿಯ ಬಸ್‌ಸ್ಟ್ಯಾಂಡಿನ ಎದುರು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು ಕೂಡ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇಂಥ ಆರ್ಟ್ಸ್ ಎಂದು ತಮ್ಮ ಗುರುತು ಬಿಡುತ್ತಿದ್ದರು. ಆದರೆ ಸಾವಿರಾರು ಊರುಗಳ ಲಕ್ಷಾಂತರ ಮನೆಗಳಿಗೆ ಹೋಗುವ ಒಂದು ಡಬ್ಬಿಯ ಮೇಲಿನ ಚಿತ್ರಕ್ಕೆ ರುಜು ಇರುವುದಿಲ್ಲ. ಚಿತ್ರ ಎಷ್ಟು ಪ್ರಸಿದ್ಧವೋ ಬರೆದ ಕೈ ಅಷ್ಟೇ ಅಜ್ಞಾತ!

ಹೀಗೆ ರುಜುವಿಲ್ಲದೆ ನಮ್ಮ ಮನೆಗಳೊಳಗೆ ಬಂದ ಗೆರೆಗಳಲ್ಲಿ ಕೆಲವು ನಮ್ಮ ಮೈಸೂರಿನಲ್ಲೇ ಹುಟ್ಟಿ ಬೆಳೆದವರೊಬ್ಬರವು. ಆರ್.ಕೆ. ಲಕ್ಷ್ಮಣ್ ಎಂದರೆ 'ಓಹೋ, ಕಾರ್ಟೂನಿಸ್ಟು' ಎನ್ನುತ್ತೀರಿ. ನಿಜ, ಅವರಷ್ಟು ಹೆಸರುವಾಸಿಯಾದ ರುಜು ನಮ್ಮ ದೇಶದ ಪತ್ರಿಕೆಗಳಲ್ಲಿ ಇನ್ನೊಂದಿಲ್ಲ. ನಾನು ಹೇಳಹೊರಟದ್ದು ಅವರ ಇನ್ನೊಂದು ಕಸುಬಿನ ಕತೆ. ಬಣ್ಣದ ಡಬ್ಬಿಗೆ, ಸಿನಿಮಾಕ್ಕೆ, ದೂರದರ್ಶನದ ಧಾರಾವಾಹಿಗೆ, ಕೊನೆಗೆ ಒಂದು ವಿಮಾನ ಸಂಸ್ಥೆಗೂ ಒದಗಿಬಂದ ಗೆರೆಗಳ ಕತೆ.

ಈ ಕತೆಯನ್ನು ಹುಡುಕಿ ಓದುವಂತೆ ಮಾಡಿದ್ದು ನ್ಯಾಮತಿಯ ಒಬ್ಬ ತಾಯಿಯ ಪ್ರಶ್ನೆ. ಅವರ ಮಗಳಿಗೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಸೇರುವ ಆಸೆ. ಅದರಲ್ಲೂ ಅನ್ವಯಿಕ ಕಲೆಯೇ ಬೇಕಂತೆ. ಎಂದರೆ ಜಾಹೀರಾತು, ಪೊಟ್ಟಣ, ಪೋಸ್ಟರು, ಪುಸ್ತಕದ ಹೊದಿಕೆ ಇಂಥವನ್ನು ರೂಪಿಸುವ ವಿದ್ಯೆ. ಹುಡುಗಿಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ನೋಡಿದವರಿಗೆ ಅವಳು ಬೇರೇನು ಓದಿಯಾಳು ಎಂದೇ ಅನಿಸಬೇಕು. ತಾಯಿಗೆ ಮಾತ್ರ ದಿಗಿಲು.

"ಅಲ್ರೀ ಟೀಚರ್, ಚಿತ್ರ ಬರೆದ್ರೆ ಹೊಟ್ಟೆ ತುಂಬುತ್ತೇನ್ರೀ? ಬೋರ್ಡ್ ಬರೆಯೋರ ಕೆಲ್ಸ ಅಲ್ವಾ ಅದು? ಹೆಣ್ಣುಡುಗಿ ಬೇರೆ..."

ಪ್ರಶ್ನೆಯಲ್ಲಿ ಎರಡು ಮುಳ್ಳುಗಳಿವೆ. ಒಂದು, ಮಾರಾಟದ ಸಾಮಾನಿಗೆ ಬರೆದದ್ದು ಕಲೆಯೇ ಅಲ್ಲ ಎಂಬುದು. ಇನ್ನೊಂದು, ಹೆಣ್ಣು ಬರೆದದ್ದಕ್ಕೆ ಬೆಲೆ ಬರುವುದಿಲ್ಲ ಎಂಬುದು. ಮೊದಲನೆಯದಕ್ಕೆ ಲಕ್ಷ್ಮಣರ ಬದುಕೇ ಉತ್ತರ. ಎರಡನೆಯದಕ್ಕೆ ಆಮೇಲೆ ಬರುತ್ತೇನೆ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಆರು ಜನ ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ಮಾಲ್ಗುಡಿ ಎಂಬ ಇಲ್ಲದ ಊರನ್ನು ಜಗತ್ತಿನ ನಕ್ಷೆಗೆ ಸೇರಿಸಿದ ಆರ್.ಕೆ. ನಾರಾಯಣ್ ಇವರ ಅಣ್ಣ. ಓದು ಬರುವ ಮೊದಲೇ ಈ ಮಗು ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗುತ್ತಿತ್ತಂತೆ. ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಿತ್ತಂತೆ. ಶಾಲೆಯಲ್ಲಿ ಒಮ್ಮೆ ಮೇಷ್ಟರು ಎಲೆಯ ಚಿತ್ರ ಬರೆಯಲು ಹೇಳಿದಾಗ ಲಕ್ಷ್ಮಣ್ ಅರಳಿ ಎಲೆ ಬರೆದರು. ಅದನ್ನು ನೋಡಿದ ಮೇಷ್ಟರು ಹತ್ತಕ್ಕೆ ಹತ್ತು ಕೊಟ್ಟು, ಮುಂದೆ ನೀನು ಚಿತ್ರಗಾರನಾಗುತ್ತೀ ಎಂದರು. ಆ ಮಾತನ್ನು ಲಕ್ಷ್ಮಣ್ ಮುಪ್ಪಿನವರೆಗೂ ಮರೆಯಲಿಲ್ಲ. ಒಬ್ಬ ಮೇಷ್ಟರ ಒಂದು ಮಾತು ಎಷ್ಟು ದೂರ ಹೋಗುತ್ತದೆ ನೋಡಿ!

ಅದೇ ಹುಡುಗ ಹೈಸ್ಕೂಲು ಮುಗಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಏನಾಯಿತು? ಇಲ್ಲಿ ಸೇರಲು ಬೇಕಾದಂಥ ಪ್ರತಿಭೆ ಈ ಚಿತ್ರಗಳಲ್ಲಿ ಕಾಣುವುದಿಲ್ಲ ಎಂಬ ಅರ್ಥದ ಕಾಗದ ಬಂತು. ಸೀಟಿಲ್ಲ ಎಂದಿದ್ದರೆ ನೋವಾಗುತ್ತಿರಲಿಲ್ಲವೇನೋ, ಪ್ರತಿಭೆಯೇ ಇಲ್ಲ ಎಂದರು. ಮುಂದೊಂದು ದಿನ ಅದೇ ಶಾಲೆ ಅವರನ್ನು ಅತಿಥಿಯಾಗಿ ಕರೆಸಿಕೊಂಡಿತು. ಆದರೆ ಅದು ಗೆದ್ದ ಮೇಲಿನ ಮಾತು. ಆ ಹೊತ್ತಿಗೆ ಹುಡುಗ ಮಾಡಿದ್ದು ದೊಡ್ಡದು. ಮೈಸೂರಿನ ಮಹಾರಾಜಾ ಕಾಲೇಜಿಗೆ ಸೇರಿ ಬಿ.ಎ. ಓದುತ್ತಲೇ ಬರೆಯುವುದನ್ನು ಮುಂದುವರಿಸಿದ. ಅಣ್ಣನ ಕತೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದ. 1942ರಲ್ಲಿ ರಾಶಿಯವರು, ಎಂದರೆ ಡಾ. ಎಂ. ಶಿವರಾಂ, 'ಕೊರವಂಜಿ' ಹಾಸ್ಯ ಮಾಸಪತ್ರಿಕೆ ಶುರು ಮಾಡಿದಾಗ ಅದಕ್ಕೂ ಬರೆದ. ಹೀಗೆ ಈ ದೊಡ್ಡ ಕಲಾವಿದರ ಮೊದಮೊದಲ ಗೆರೆಗಳಿಗೆ ಜಾಗ ಕೊಟ್ಟವರಲ್ಲಿ ನಮ್ಮ ಕನ್ನಡದ ಒಂದು ನಗೆಪತ್ರಿಕೆಯೂ ಇದೆ. ಬೇಸಿಗೆ ರಜೆಯಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದೂ ಉಂಟು. ಸಿನಿಮಾದ ನಂಟು ಅಂಟಿದ್ದು ಹಾಗೆ.

1947ರಲ್ಲಿ ಅವರು ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. 1951ರಿಂದ ಅಲ್ಲಿ ದಿನವೂ ಮುಖಪುಟದ ಒಂದು ಸಣ್ಣ ಚೌಕದಲ್ಲಿ ಅವರ ವ್ಯಂಗ್ಯಚಿತ್ರ ಬರತೊಡಗಿತು. ಪಂಚೆ, ಚೌಕಳಿಯ ಕೋಟು, ಬೋಳುತಲೆಯ ಹಿಂದೆ ನಾಲ್ಕು ಕೂದಲು, ಕನ್ನಡಕ, ಪೊದೆಮೀಸೆ. ಆ ಶ್ರೀಸಾಮಾನ್ಯ ಐವತ್ತು ವರ್ಷಕ್ಕೂ ಮೀರಿ ಎಲ್ಲವನ್ನೂ ನೋಡಿದ, ಎಲ್ಲಿಯೂ ಬಾಯಿ ಬಿಡಲಿಲ್ಲ. ಅವನ ಹೆಂಡತಿ ಮಾತ್ರ ಹಾಗಲ್ಲ. ಆಕೆ ಕಾಣಿಸಿಕೊಂಡಾಗಲೆಲ್ಲ ಖಂಡಿತವಾಗಿ ಮಾತಾಡುತ್ತಾಳೆ. ದೇಶದ ಸ್ಥಿತಿಯನ್ನು ಮೌನವಾಗಿ ನೋಡುವವನು ಗಂಡಸು, ಬೇಳೆಯ ದರವನ್ನು ಜೋರಾಗಿ ಕೇಳುವವಳು ಹೆಂಗಸು. ನಮ್ಮ ಮನೆಗಳನ್ನು ಬಲ್ಲವರೇ ಹೀಗೆ ಬರೆಯಬಲ್ಲರು.

ಈಗ ಡಬ್ಬಿಯ ಕತೆಗೆ ಬರೋಣ. 1942ರಲ್ಲಿ ಮುಂಬಯಿಯಲ್ಲಿ ನಾಲ್ವರು ಗೆಳೆಯರು ಒಂದು ಗ್ಯಾರೇಜಿನಲ್ಲಿ ಬಣ್ಣ ತಯಾರಿಸಲು ತೊಡಗಿದರು. ಅದೇ ಏಷ್ಯನ್ ಪೇಂಟ್ಸ್. ಆಗ ಬಣ್ಣದ ವ್ಯಾಪಾರವೆಲ್ಲ ವಿದೇಶಿ ಕಂಪೆನಿಗಳ ಕೈಯಲ್ಲಿ, ದೊಡ್ಡ ಊರುಗಳ ದೊಡ್ಡ ವರ್ತಕರ ಕೈಯಲ್ಲಿ. ಈ ಹೊಸಬರನ್ನು ಅಲ್ಲಿ ಕೇಳುವವರಿಲ್ಲ. ಅವರು ಸಣ್ಣ ಊರುಗಳ ಕಡೆ, ಸಣ್ಣ ಅಂಗಡಿಗಳ ಕಡೆ ತಿರುಗಿದರು. ಸಣ್ಣ ಸಣ್ಣ ಡಬ್ಬಿಗಳಲ್ಲಿ ಬಣ್ಣ ತುಂಬಿ ಕಳಿಸಿದರು. ಎತ್ತಿನ ಕೊಂಬಿಗೆ ಬಳಿಯಲು ಕ್ಯಾನುಗಟ್ಟಲೆ ಬಣ್ಣ ಯಾರಿಗೆ ಬೇಕು? ನಮ್ಮ ಜಗಳೂರು ಸೀಮೆಯಲ್ಲಿ ಕಾರಹುಣ್ಣಿಮೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತುಗಳ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ಗೊಂಡೆ ಕಟ್ಟಿ ಕರಿ ಹರಿಯುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಅಂಥ ದಿನಕ್ಕೆ ಬೇಕಾದದ್ದು ಅಂಗೈಯಲ್ಲಿ ಕೂರುವ ಒಂದು ಡಬ್ಬಿ, ಅಷ್ಟೇ.

ಆದರೆ ಡಬ್ಬಿಯ ಮೇಲಿನ ಇಂಗ್ಲಿಷ್ ಹೆಸರನ್ನು ಓದುವವರು ಯಾರು? ಅದಕ್ಕೆ ಒಂದು ಮುಖ ಬೇಕಿತ್ತು. 1954ರಲ್ಲಿ ಲಕ್ಷ್ಮಣ್ ಆ ಮುಖ ಬರೆದುಕೊಟ್ಟರು. ಹಣೆಯ ಮೇಲೆ ಇಳಿಬಿದ್ದ ಕೂದಲು, ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬಣ್ಣ ತೊಟ್ಟಿಕ್ಕುವ ಬ್ರಷ್ಷು, ಮುಖದ ತುಂಬ ತುಂಟತನ. ಈಗಷ್ಟೇ ಯಾರದೋ ಗೋಡೆ ಕೆಡಿಸಿ ಬಂದಂಥ ಹುಡುಗ. ಅವನಿಗೆ ಹೆಸರಿಡಿ ಎಂದು ಕಂಪೆನಿ ಜನರನ್ನೇ ಕೇಳಿತು. ಸುಮಾರು 47,000 ಉತ್ತರಗಳು ಬಂದವಂತೆ. ಮುಂಬಯಿಯ ಇಬ್ಬರು ಬೇರೆ ಬೇರೆಯಾಗಿ ಒಂದೇ ಹೆಸರು ಸೂಚಿಸಿದ್ದರಿಂದ 500 ರೂಪಾಯಿಯ ಬಹುಮಾನವನ್ನು ಅವರಿಗೆ ಹಂಚಿಕೊಟ್ಟರು. ಆ ಹೆಸರು 'ಗಟ್ಟು'. ಕಂಪೆನಿ 1967ರ ಹೊತ್ತಿಗೆ ದೇಶದಲ್ಲೇ ಎಲ್ಲಕ್ಕಿಂತ ದೊಡ್ಡ ಬಣ್ಣದ ತಯಾರಕನಾಯಿತು. ಅದು ಗಟ್ಟುವೊಬ್ಬನಿಂದಲೇ ಆಯಿತು ಎನ್ನಲಾರೆ. ಆದರೆ ಅದರ ಹೆಸರು ಬಾರದವರ ಬಾಯಲ್ಲೂ 'ಆ ಹುಡುಗನ ಚಿತ್ರದ ಬಣ್ಣ' ಕೊಡಿ ಎಂಬ ಮಾತಿತ್ತು.

ಇಂಥದೊಂದು ಮುಖ ಬರೆಯುವುದು ಸುಲಭವೆನ್ನುತ್ತೀರಾ? ಅದರ ಕಟ್ಟಳೆಗಳನ್ನು ಸ್ವಲ್ಪ ನೋಡಿ. ಅದು ಬೆರಳುಗುರಿನಷ್ಟು ಸಣ್ಣದಾದರೂ ಗುರುತು ಸಿಗಬೇಕು, ಗೋಡೆಯಷ್ಟು ದೊಡ್ಡದಾದರೂ ಪೇಲವವಾಗಬಾರದು. ಬಣ್ಣದಲ್ಲಿ ಅಚ್ಚಾದರೂ ಸರಿ, ಪತ್ರಿಕೆಯ ಕಪ್ಪು ಮಸಿಯಲ್ಲಿ ಅಚ್ಚಾದರೂ ಸರಿ, ಅದೇ ಹುಡುಗ ಕಾಣಬೇಕು. ಕಲಾಶಾಲೆಯ ಮುಖವನ್ನೇ ನೋಡದ, ಏಣಿ ಹತ್ತಿ ಗೋಡೆಯ ಮೇಲೆ ಜಾಹೀರಾತು ಬರೆಯುವ ಊರ ಪೇಂಟರೂ ಅದನ್ನು ನೋಡಿ ನಕಲು ಮಾಡುವಂತಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅಕ್ಷರ ಬಾರದವರಿಗೂ ಇದು ನನ್ನ ಮನೆಯ ಹುಡುಗ ಅನಿಸಬೇಕು. ಒಂದು ಗೆರೆ ಹೆಚ್ಚಾದರೂ ಭಾರ, ಒಂದು ಗೆರೆ ಕಡಿಮೆಯಾದರೂ ಗುರುತಿಲ್ಲ. ದಿನವೂ ಒಂದು ಪುಟ್ಟ ಚೌಕದಲ್ಲಿ ಇಡೀ ದೇಶವನ್ನು ಹಿಡಿದಿಟ್ಟ ಕೈಗೆ ಮಾತ್ರ ಈ ಹದ ಸಿಕ್ಕೀತು. ಗೋಡೆಗೆ ತೂಗುಹಾಕುವ ಚಿತ್ರ ಬರೆಯಲು ಏನು ಬೇಕೋ ಅದೆಲ್ಲವೂ ಇದಕ್ಕೆ ಬೇಕು. ಅದರ ಜೊತೆಗೆ, ತನ್ನನ್ನು ಹಿಂದೆ ಸರಿಸಿಕೊಳ್ಳುವ ವಿನಯವೂ ಬೇಕು.

ಗಟ್ಟು ಹುಟ್ಟಿದ ಮರುವರ್ಷವೇ, 1955ರಲ್ಲಿ, ಲಕ್ಷ್ಮಣರ ಗೆರೆ ಹಿಂದಿ ಬೆಳ್ಳಿತೆರೆಗೂ ಹೋಯಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 'ಮಿಸ್ಟರ್ ಅಂಡ್ ಮಿಸೆಸ್ 55' ತೆಗೆದರು. ಅದರ ನಾಯಕ ಕೈಯಲ್ಲಿ ಕಾಸಿಲ್ಲದ ಒಬ್ಬ ವ್ಯಂಗ್ಯಚಿತ್ರಕಾರ. ಆ ಪಾತ್ರ ಮಾಡಿದವರು ಗುರುದತ್ತರೇ. ಆದರೆ ತೆರೆಯ ಮೇಲಿನ ಕಾರ್ಟೂನುಗಳು ಲಕ್ಷ್ಮಣರವು. ಆ ಚಿತ್ರದ ನಗೆಯಲ್ಲಿ ನಮಗೆ ಚುಚ್ಚುವ ಒಂದು ಮಾತೂ ಇದೆ. ಹಿಂದೂ ವಿವಾಹ ಕಾಯಿದೆ ಬಂದು ಹೆಂಗಸಿಗೂ ವಿಚ್ಛೇದನದ ಹಕ್ಕು ಸಿಕ್ಕ ವರ್ಷವದು. ಸಿನಿಮಾ ಹೆಣ್ಣಿನ ಹಕ್ಕಿಗಾಗಿ ಹೋರಾಡುವ ನಾಯಕಿಯ ಸೋದರತ್ತೆಯನ್ನೇ ಗೇಲಿಯ ವಸ್ತು ಮಾಡಿತು. ಒಳ್ಳೆಯ ಗೆರೆಯೂ ಯಾರ ಕತೆಗೆ ಒದಗುತ್ತದೋ ಅವರ ಮಾತನ್ನೇ ಆಡುತ್ತದೆ. ಬಾಡಿಗೆಗೆ ಬರೆಯುವ ಕಸುಬಿನ ಕಷ್ಟವೇ ಇದು. ಯಾರಿಗೆ ಬರೆಯುತ್ತಿದ್ದೇವೆ ಎಂಬುದು ಎಷ್ಟು ಚೆನ್ನಾಗಿ ಬರೆಯುತ್ತೇವೆ ಎಂಬುದರಷ್ಟೇ ಮುಖ್ಯ. ಹುಡುಗಿಯರು ಈ ವಿದ್ಯೆ ಕಲಿಯಬೇಕೆನ್ನಲು ನನಗಿರುವ ಕಾರಣಗಳಲ್ಲಿ ಇದೂ ಒಂದು.

ಆಮೇಲೆ ಬಂತು ನಮ್ಮೆಲ್ಲರ ಮನೆಗೂ ಬಂದ 'ಮಾಲ್ಗುಡಿ ಡೇಸ್'. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಆ ಧಾರಾವಾಹಿಯನ್ನು ನಿರ್ದೇಶಿಸಿದವರು ಶಂಕರ್‌ನಾಗ್. ಚಿತ್ರೀಕರಣ ನಡೆದದ್ದು ಆಗುಂಬೆಯ ಸುತ್ತಮುತ್ತ. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ-ತಾಳಗುಪ್ಪ ದಾರಿಯ ಅರಸಾಳು. ಆಗ ದಾವಣಗೆರೆ ಜಿಲ್ಲೆ ಇರಲಿಲ್ಲ. ಅದು ಆದದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಇನ್ನೂ ಈಚೆಗೆ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಮಾಲ್ಗುಡಿ ನಮ್ಮ ಜಿಲ್ಲೆಯದೇ ಊರು ಎಂದು ಇಲ್ಲಿನವರು ಹೆಮ್ಮೆಪಟ್ಟರೆ ಅದು ಸುಳ್ಳೇನೂ ಆಗಿರಲಿಲ್ಲ.

ಆ ಧಾರಾವಾಹಿ ಶುರುವಾಗುವುದೇ ಲಕ್ಷ್ಮಣರ ಗೆರೆಗಳಿಂದ. ಎಲ್. ವೈದ್ಯನಾಥನ್ ಅವರ ಆ ಗುನುಗುವ ರಾಗ ಕೇಳಿಸುತ್ತಲೇ ತೆರೆಯ ಮೇಲೆ ಒಂದೊಂದಾಗಿ ರೇಖಾಚಿತ್ರಗಳು ಬರುತ್ತಿದ್ದವು. ಪಾತ್ರೆ ತೊಳೆಯುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದರೆ ಆ ಗೆರೆಗಳಿಗೆ ಭಾಷೆಯ ಹಂಗೇ ಇರಲಿಲ್ಲ. ಕತೆ ಅಣ್ಣನದು, ಗೆರೆ ತಮ್ಮನದು, ಅದನ್ನು ಜೀವಂತ ಮಾಡಿದವರು ನಮ್ಮ ಶಂಕರ್‌ನಾಗ್. 1990ರ ಸೆಪ್ಟೆಂಬರ್ 30ರಂದು, ಇನ್ನೂ ಮೂವತ್ತೈದರ ಹರೆಯದಲ್ಲಿ, ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡದ್ದು ನಮ್ಮ ದಾವಣಗೆರೆಯ ಹತ್ತಿರದ ಆನಗೋಡಿನ ಬಳಿ. ಹೆದ್ದಾರಿಯಲ್ಲಿ ಬಸ್ಸು ಆ ಊರು ದಾಟುವಾಗ ಇಂದಿಗೂ ಯಾರಾದರೂ ಒಬ್ಬರು 'ಇಲ್ಲೇ ಕಣ್ರೀ' ಎಂದೇ ಎನ್ನುತ್ತಾರೆ. ಅರಸಾಳಿನ ಹಳೆಯ ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು.

1988ರಲ್ಲಿ ಲಕ್ಷ್ಮಣರ ಕಲ್ಪನೆಯಿಂದಲೇ 'ವಾಗ್ಲೆ ಕಿ ದುನಿಯಾ' ಎಂಬ ಧಾರಾವಾಹಿ ಬಂತು. ಸಣ್ಣ ಸಂಬಳದ ನೌಕರ, ಅವನ ಹೆಂಡತಿ, ಅವರ ದಿನದಿನದ ತಾಪತ್ರಯ. ಅದೇ ವರ್ಷ ಶ್ರೀಸಾಮಾನ್ಯ ಅಂಚೆಚೀಟಿಯ ಮೇಲೂ ಬಂದ. 2001ರಲ್ಲಿ ಪುಣೆಯಲ್ಲಿ ಅವನ ಪ್ರತಿಮೆ ನಿಂತಿತು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸಾಮಾನ್ಯ ಜನರೂ ವಿಮಾನ ಹತ್ತಬೇಕು ಎಂದು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರಲ್ಲ, ಆ ಸಂಸ್ಥೆ ತನ್ನ ಗುರುತಾಗಿ ಆರಿಸಿಕೊಂಡದ್ದೂ ಇದೇ ಶ್ರೀಸಾಮಾನ್ಯನನ್ನು. ಬಸ್ಸಿಗೆ ಕಾದು ಕಾದು ಸಾಕಾದ ಮನುಷ್ಯ ಕೊನೆಗೂ ವಿಮಾನ ಹತ್ತಿದ! ಆ ಸಂಸ್ಥೆ 2008ರ ಹೊತ್ತಿಗೆ ಇನ್ನೊಂದರಲ್ಲಿ ಸೇರಿಹೋಯಿತು, ಆ ಮಾತು ಬೇರೆ.

ಗಟ್ಟುವಿನ ಕತೆಯೂ ಹಾಗೇ ಮುಗಿಯಿತು. 2002ರಲ್ಲಿ ಕಂಪೆನಿ ಅವನನ್ನು ಬೀಳ್ಕೊಟ್ಟಿತು. ಕಾಲ ಬದಲಾಗಿತ್ತು. ಬಣ್ಣ ಈಗ ಡಬ್ಬಿಯಲ್ಲಿ ಸಿಗುವ ಸಾಮಾನಾಗಿ ಉಳಿದಿರಲಿಲ್ಲ. ಮನೆಯ ಅಂದಚೆಂದ, ಮನೆಯವರ ಅಭಿರುಚಿ ಎಂದೆಲ್ಲ ಅದನ್ನು ಮಾರಬೇಕಾಗಿತ್ತು. ತುಂಟ ಹುಡುಗನಿಗೆ ಅಲ್ಲಿ ಕೆಲಸವಿರಲಿಲ್ಲ. ಸುಮಾರು ಅರ್ಧ ಶತಮಾನ ದುಡಿದ ಚಿತ್ರವೊಂದು ಹೀಗೆ ಸದ್ದಿಲ್ಲದೆ ನಿವೃತ್ತಿಯಾಯಿತು. ನಮ್ಮ ಬೋರ್ಡು ಬರೆಯುವವರ ಬ್ರಷ್ಷುಗಳೂ ಫ್ಲೆಕ್ಸು ಬಂದ ಮೇಲೆ ಒಣಗಿದವು. ಮೂಲೆಯಲ್ಲಿದ್ದ ಸಣ್ಣ ರುಜುವೂ ಅಳಿಸಿತು.

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 2003ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿದರೂ ಅವರು ಬರೆಯುವುದನ್ನು ಬಿಡಲಿಲ್ಲ. 2015ರ ಜನವರಿ 26ರಂದು, ತೊಂಬತ್ತಮೂರರ ವಯಸ್ಸಿನಲ್ಲಿ, ಪುಣೆಯಲ್ಲಿ ತೀರಿಕೊಂಡರು. ಶ್ರೀಸಾಮಾನ್ಯನನ್ನು ಅರವತ್ತು ವರ್ಷ ಬರೆದ ಕೈ ನಿಂತದ್ದು ಗಣರಾಜ್ಯದ ದಿನವೇ ಎಂದು ಪತ್ರಿಕೆಗಳೆಲ್ಲ ಬರೆದವು. ಮಾಲ್ಗುಡಿಯನ್ನು ನೆನೆದರು. ಗಟ್ಟುವನ್ನೂ ನೆನೆದರು. ಗಟ್ಟುವನ್ನು ಬರೆದವರು ಇವರೇ ಎಂದು ಎಷ್ಟೋ ಜನರಿಗೆ ತಿಳಿದದ್ದು ಆಗಲೇ.

ಈಗ ಆ ತಾಯಿಯ ಎರಡನೆಯ ಮುಳ್ಳು. ಹೆಣ್ಣು ಬರೆದದ್ದಕ್ಕೆ ಬೆಲೆ ಉಂಟೇ?

ನಮ್ಮ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಸ್ಥಳ. ಫೆಬ್ರುವರಿಯಲ್ಲಿ ಅಲ್ಲಿ ಜಯಂತಿಗೆ ದೂರದೂರದಿಂದ ಬಂಜಾರರು ಬಂದು ಸೇರುತ್ತಾರೆ. ಆ ಜನಜಂಗುಳಿಯಲ್ಲಿ ಹಳೆಯ ಉಡುಪಿನ ಒಬ್ಬ ಅಜ್ಜಿ ನಡೆದುಬಂದರೆ ಸಾಕು, ಹೆಸರು ಕೇಳದೆಯೇ ಇವರು ಯಾವ ಜನ ಎಂದು ಗೊತ್ತಾಗುತ್ತದೆ. ಕನ್ನಡಿ ಚೂರು, ಕವಡೆ, ಕೆಂಪು-ನೀಲಿ ದಾರದ ಚೌಕಗಳು, ತ್ರಿಕೋನಗಳು. ದೂರದಿಂದ ಗುರುತು ಸಿಗುವುದು, ಪೀಳಿಗೆಯಿಂದ ಪೀಳಿಗೆಗೆ ಕೆಡದೆ ದಾಟುವುದು, ನೋಡಿದೊಡನೆ 'ನಮ್ಮದು' ಅನಿಸುವುದು. ಮುಂಬಯಿಯ ಕಂಪೆನಿ 1954ರಲ್ಲಿ ಲಕ್ಷ್ಮಣರಿಂದ ಏನು ಬಯಸಿತ್ತೋ ಅದನ್ನೇ ಈ ಹೆಂಗಸರು ಸೂಜಿಯಲ್ಲಿ ಎಂದಿನಿಂದಲೋ ಮಾಡುತ್ತ ಬಂದಿದ್ದಾರೆ. ನಾವು ಬೆಳಿಗ್ಗೆ ಅಂಗಳದಲ್ಲಿ ಹಾಕುವ ರಂಗೋಲಿಯೂ ಅಷ್ಟೇ. ಚುಕ್ಕಿ ಎಣಿಸಿ ಗೆರೆ ಎಳೆಯುವ ಆ ಲೆಕ್ಕ ಯಾವ ಡಿಸೈನ್ ಶಾಲೆಯ ಲೆಕ್ಕಕ್ಕೂ ಕಡಿಮೆಯದಲ್ಲ. ಮಧ್ಯಾಹ್ನದೊಳಗೆ ಅಳಿಸಿಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ರುಜು ಬೇಡವೆಂದುಕೊಂಡೆವು. ರುಜು ಇಲ್ಲದ್ದಕ್ಕೆ ಬೆಲೆಯನ್ನೂ ಕೇಳಲಿಲ್ಲ.

ಕೇಳಿದವರೂ ಇದ್ದಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಆಮೇಲೆ ಅಮೆರಿಕದ ಯೇಲ್‌ನಲ್ಲಿ ಓದಿದ ಸುಜಾತಾ ಕೇಶವನ್ 1989ರಲ್ಲಿ ಬೆಂಗಳೂರಿನಲ್ಲಿ ರೇ ಅಂಡ್ ಕೇಶವನ್ ಎಂಬ ವಿನ್ಯಾಸ ಸಂಸ್ಥೆ ಕಟ್ಟಿದರು. ಕಂಪೆನಿಗಳ ಗುರುತು, ಅಕ್ಷರ, ಬಣ್ಣ ರೂಪಿಸುವುದೇ ಅವರ ಉದ್ಯೋಗ. ಬೆಂಗಳೂರಿನ ಹೊಸ ವಿಮಾನ ನಿಲ್ದಾಣಕ್ಕೆ ಗುರುತಿನ ರೂಪ ಕೊಟ್ಟದ್ದು ಅವರ ಸಂಸ್ಥೆ. 2006ರಲ್ಲಿ ಅದನ್ನು ಜಗತ್ತಿನ ದೊಡ್ಡ ಜಾಹೀರಾತು ಸಮೂಹವೊಂದು ಕೊಂಡುಕೊಂಡಿತು. ಗೆರೆ, ಬಣ್ಣ, ಅಕ್ಷರಗಳಿಗೆ ಬೆಲೆ ಕಟ್ಟಿ ಕೇಳಿದವಳು ಒಬ್ಬ ಹೆಂಗಸು, ಕೊಟ್ಟದ್ದು ಮಾರುಕಟ್ಟೆ.

ಇದನ್ನೆಲ್ಲ ನಾನು ಆ ತಾಯಿಗೆ ಒಂದೇ ಸಲ ಹೇಳಲಿಲ್ಲ. ಎರಡು ಮೂರು ಭೇಟಿಗಳಲ್ಲಿ ಹೇಳಿದೆ. ಲಕ್ಷ್ಮಣರಷ್ಟು ದೊಡ್ಡ ಹೆಸರು ಎಲ್ಲರಿಗೂ ಬರುವುದಿಲ್ಲ, ಆದರೆ ಅಚ್ಚಿನ ಮನೆ, ಪತ್ರಿಕೆ, ಸಿನಿಮಾ, ಜವಳಿ, ಔಷಧದ ಕಂಪೆನಿ ಎಲ್ಲ ಕಡೆ ಈ ಕೆಲಸಕ್ಕೆ ಜನ ಬೇಕು ಎಂದೆ. ದಾವಣಗೆರೆಯ ಕಾಲೇಜು 1964ರಿಂದ ನಡೆದುಬಂದದ್ದು, ನಿನ್ನೆಮೊನ್ನೆ ತೆರೆದ ಅಂಗಡಿಯಲ್ಲ ಎಂದೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮವ್ವನೂ ಕೌದಿ ಚೆನ್ನಾಗಿ ಹೊಲೀತಿದ್ಲು ಟೀಚರ್" ಎಂದರು. ಅದು ಒಪ್ಪಿಗೆಯೋ ಅಲ್ಲವೋ ನಾನು ಕೆದಕಲಿಲ್ಲ. ಆ ಜೂನ್‌ನಲ್ಲಿ ಹುಡುಗಿ ದಾವಣಗೆರೆಯ ಬಸ್ಸು ಹತ್ತಿದಳು.

ಕೊನೆಗೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಮಾತೊಂದು. ಏಷ್ಯಾದ ದೊಡ್ಡ ಕೆರೆಗಳಲ್ಲೊಂದು ಎಂದು ಹೆಸರಾದ ಅದನ್ನು ಈಗ ಶಾಂತಿಸಾಗರ ಎನ್ನುತ್ತೇವೆ. ಹಳೆಯ ಹೆಸರು ಹೇಳಲು ನಮಗೆ ನಾಚಿಕೆ. ಆದರೆ ಆ ಹೆಸರಿನ ಹಿಂದಿನ ಐತಿಹ್ಯ ಬೇರೆಯೇ ಇದೆ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರಿಗೆ ಸೇರಿತ್ತಂತೆ. ಅವರು ಬಿಟ್ಟುಕೊಡಲು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಕೆರೆಗೆ ತಮ್ಮ ಹೆಸರೇ ಇರಬೇಕು ಎಂದರು. ಶಾಂತವ್ವ ಒಪ್ಪಿಕೊಂಡಳು. ಲೋಕ ಯಾವ ಹೆಸರನ್ನು ಬೈಗುಳ ಮಾಡಿತ್ತೋ ಅದನ್ನೇ ಆ ಹೆಂಗಸರು ನೀರಿನ ಮೇಲೆ ರುಜುವಾಗಿ ಬರೆಸಿಕೊಂಡರು. ಆ ನೀರು ಶತಮಾನಗಳಿಂದ ಗದ್ದೆ-ತೋಟಗಳಿಗೆ ಹರಿಯುತ್ತಲೇ ಇದೆ. ಕೊಟ್ಟ ಮೇಲೆ ಹೆಸರು ಕೇಳುವುದು ಅಹಂಕಾರವಲ್ಲ ಎಂಬುದನ್ನು ಅವರು ನಮಗಿಂತ ಮೊದಲೇ ತಿಳಿದಿದ್ದರು.